ತಿರುವಿನಲ್ಲಿ ಕೇಳಿದ ಕೂಗು

ಸತ್ತವರ ದನಿ ಕೇಳಿತೆಂದು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳೇ ನಾನು. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಕೋತಗಿರಿ ಪಕ್ಕದ ನಮ್ಮ ಹಟ್ಟಿಯ ಮನೆಯಲ್ಲೇ ಕೂತು ನಾನು ಕರ್ನಲ್ ಕೆಲಸ ಮಾಡುತ್ತೇನೆ. ಕರ್ನಲ್ ಅಂದರೆ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಂ. ಅದರಲ್ಲಿ ಒಂದೇ ಮಾಹಿತಿಗೆ ಇಬ್ಬರು, ಅಂದರೆ ಎರಡು ಪ್ರೋಗ್ರಾಂಗಳು, ಒಟ್ಟಿಗೆ ಕೈಹಾಕದಂತೆ ತಡೆಯುವ ಕೋಡು, ಅದರ ವಿವರಣೆಯ ಪುಟಗಳು ನನ್ನ ಪಾಲಿನವು. ಆ ದಿನ ‘ಇನ್ನೊಬ್ಬರು ಹೊರಬರುವವರೆಗೆ ಕಾಯಿ’ ಎನ್ನುವ ಹಳೆಯ ಸಾಲೊಂದನ್ನು ಅಳಿಸಿದ್ದೆ. ಎಷ್ಟು ಪರೀಕ್ಷಿಸಿದರೂ ಆ ಕಡೆಯಿಂದ ಯಾರೂ ಬರುತ್ತಿರಲಿಲ್ಲ. ಸುಮ್ಮನೆ ಯಾಕೆ ಕಾಯಬೇಕು?

ಮಧ್ಯಾಹ್ನ ಮಂಜು ಕವಿದು ನೆಟ್ ಹೋಯಿತು. ಕೆಳಗಿನ ಬಸ್ ಸ್ಟಾಪಿನಲ್ಲಿ ಸಿಗ್ನಲ್ ಇರುತ್ತದೆ, ಆ ಬದಲಾವಣೆಯನ್ನು ಅಲ್ಲಿಂದಲೇ ಕಳಿಸಿಬಿಡೋಣವೆಂದು ಲ್ಯಾಪ್‌ಟಾಪ್ ಹೊತ್ತು ಹೊರಟೆ. ಟೀ ಗಿಡಗಳ ನಡುವಿನ ಆ ದಾರಿ ಒಬ್ಬರಿಗಷ್ಟೇ ಸಾಲುತ್ತದೆ. ಎಲೆ ಮೂಟೆ ಹೊತ್ತು ಹತ್ತುವವರು ತಿರುವಿಗೆ ಮುಂಚೆ ಕೂಗು ಹಾಕುತ್ತಾರೆ. ಮೇಲಿನವರು ‘ಬಾ’ ಎಂದು ಮರುಕೂಗಿ, ಅವರು ಹೊರಬರುವವರೆಗೆ ನಿಲ್ಲಬೇಕು. ಅದು ನಮ್ಮ ಕಡೆಯ ರೂಢಿ.

ತಿರುವು ಹತ್ತಿರವಾಗುತ್ತಿದ್ದಂತೆ ಕೆಳಗಿನಿಂದ ಕೂಗು ಬಂತು. “ನಿಲ್ಲು ಮಗ, ಬಂದೆ.”

ತೀರಿಕೊಂಡು ವರ್ಷಗಳಾದ ನನ್ನ ಹೆತ್ತೆಯ, ಅಂದರೆ ಅಪ್ಪನ ತಾಯಿಯ ದನಿ. ಕಾಲು ತಾನಾಗಿ ನಿಂತಿತು. ಮರುಕೂಗಬೇಕಾದ ‘ಬಾ’ ಬಾಯಿಗೆ ಬರಲಿಲ್ಲ. ಕಾದೆ, ಕಾದೆ, ಯಾರೂ ಬರಲಿಲ್ಲ. ಆದರೂ ಹೆಜ್ಜೆಯಿಡಲು ಮನಸ್ಸಾಗಲಿಲ್ಲ. ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಬರುತ್ತಿಲ್ಲ ಎಂದೇನು? ಹಾಗಂದುಕೊಂಡದ್ದೇ ತಡ, ಕೋಡಿನ ಆ ಸಾಲು ನೆನಪಾಯಿತು. ನಾನು ಅಳಿಸಿದ್ದು ಇದನ್ನೇ ಅಲ್ಲವೇ?

ಮನೆಗೆ ಓಡಿದೆ. ಕೋಡಿನಲ್ಲಿ ಆ ಕಡೆಯವರು ಬೇಕೆಂದೇ ತಡವಾಗಿ ಬರುವಂತೆ ಮಾಡಿ ಪರೀಕ್ಷಿಸಿದೆ. ಮಾಹಿತಿ ಸದ್ದಿಲ್ಲದೆ ಕೆಟ್ಟುಹೋಯಿತು. ಕಳಿಸಿಬಿಟ್ಟಿದ್ದರೆ ಯಾವ ಊರಿನ ಯಾವ ಆಸ್ಪತ್ರೆಯ ಯಂತ್ರದಲ್ಲಿ ಹೀಗಾಗುತ್ತಿತ್ತೋ.

ದಾರಿಯಲ್ಲಿ ಯಾರಿದ್ದರೆಂದು ತಾಯಿಯನ್ನು, ನಮ್ಮ ಮಾತಲ್ಲಿ ಅವ್ವೆಯನ್ನು, ಕೇಳಿದೆ. “ಇಂದು ಫ್ಯಾಕ್ಟರಿ ಲೀವು, ಎಲೆ ಹೊರೋರು ಯಾರೂ ಇಲ್ಲೆ,” ಎಂದಳು. ನಡೆದದ್ದು ಕೇಳಿದ ಮೇಲೆ ಮುಖ ಊದಿಸಿಕೊಂಡು, “ನಾ ದಿನಾ ಅದೇ ದಾರಿಲಿ ಹೋಗುವೆ. ನನ್ನ ಒಂದು ದಿನಾನೂ ಕೂಗಲಿಲ್ಲೆ ನಿನ್ನ ಹೆತ್ತೆ,” ಎಂದಳು.

ಅಳಿಸಿದ ಸಾಲನ್ನು ಮತ್ತೆ ಹಾಕಿ, ಅದನ್ನು ಯಾಕೆ ಮುಟ್ಟಬಾರದೆಂದು ವಿವರಣೆಯಲ್ಲಿ ಬರೆದು ಕಳಿಸಿದೆ. ತಪ್ಪು ತೋರಿಸಿದವರ ಹೆಸರನ್ನು ಕೆಳಗೆ ಹಾಕುವುದು ನಮ್ಮ ಕೆಲಸದ ಪದ್ಧತಿ. ಹೆತ್ತೆಯ ಹೆಸರು ಹಾಕಿದೆ. ಪರಿಶೀಲಿಸಿದವರೊಬ್ಬರು ಒಪ್ಪಿಗೆ ಕೊಟ್ಟು, “ಇವರನ್ನು ಸಂಪರ್ಕಿಸುವುದು ಹೇಗೆ?” ಎಂದು ಕೇಳಿದರು.

ಈಗ ಆ ದಾರಿ ಇಳಿಯುವಾಗಲೆಲ್ಲ ತಿರುವಿನ ಮೇಲೆ ನಿಂತು, ಅಂದು ಬಾಯಿಗೆ ಬಾರದ ಮಾತನ್ನು ಕೂಗುತ್ತೇನೆ. “ಬಾ ಹೆತ್ತೆ, ನಿಂತಿದ್ದೇನೆ.”