ಅಮ್ಮನ ಮಿಷನ್ ನೀರು

ನಮ್ಮ ಬೀದಿಗೆ ಆಲ್ಕಲೈನ್ ನೀರು ಬಂದದ್ದು ಅಪ್ಪ ತೀರಿಕೊಂಡ ಮರುವರ್ಷ, ಅವರೆಕಾಯಿ ಕಾಲದಲ್ಲಿ. 2014 ಇರಬೇಕು. ಅಷ್ಟು ಹೊತ್ತಿಗೆ ಯಲಹಂಕದ ಪಕ್ಕದ ನಮ್ಮೂರು ಸಿಂಗಾಪುರ ಹೆಸರಿಗೆ ಮಾತ್ರ ಹಳ್ಳಿ. ನಾವು ರಾಗಿ ಬೆಳೆಯುತ್ತಿದ್ದ ಕಡೆ ಲೇಔಟ್ ಎದ್ದಿತ್ತು, ಊರೊಳಗಿನ ಹಳೇ ಬೀದಿಯಲ್ಲಿ ನಮ್ಮಂಥ ನಾಲ್ಕಾರು ಮನೆಗಳು ಉಳಿದಿದ್ದವು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನಾನು ಯಲಹಂಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೆಳಗ್ಗೆ ಹೋದರೆ ಸಂಜೆಯೇ ಬರುವುದು.

ಅಪ್ಪ ಹೋದ ಮೇಲೆ ಅಮ್ಮನಿಗೆ ಎದೆಯುರಿ ಅಂಟಿಕೊಂಡಿತು. ಎರಡು ತುತ್ತು ತಿಂದರೂ ಹುಳಿತೇಗು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಅಂಥದ್ದೇನೂ ಇಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿ ಟೀವಿ ಮುಂದೆ ಕೂರುತ್ತಿದ್ದಳು. ನೋಡುತ್ತಿದ್ದಳು ಎನ್ನಲಾರೆ, ಸುಮ್ಮನೆ ಅದರ ಕಡೆ ಮುಖ ಮಾಡಿಕೊಂಡಿರುತ್ತಿದ್ದಳು. ಸಂಜೆ ಬಂದು ನೋಡಿದರೆ ಮುಚ್ಚಿಟ್ಟ ಅನ್ನ ಮುಚ್ಚಿಟ್ಟ ಹಾಗೇ ಇರುತ್ತಿತ್ತು. ರವಿಕೆಗಳೆಲ್ಲ ಸಡಿಲವಾದವು. ಅಪ್ಪನ ಹಿಂದೆಯೇ ಇವಳೂ ಹೊರಟುಬಿಡುತ್ತಾಳೇನೋ ಎಂದು ನನಗೆ ಒಳಗೊಳಗೇ ಹೆದರಿಕೆ.

ಆಗ ಬೀದಿಯ ಕೊನೆಯ ಹೊಸ ಮನೆಗೆ ಹುಬ್ಬಳ್ಳಿ ಕಡೆಯ ದಂಪತಿ ಬಂದರು. ಗಂಡನಿಗೆ ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಕೆಲಸ. ಹೆಂಡತಿ ನೀರಿನ ಯಂತ್ರ ಮಾರುವ ಏಜೆನ್ಸಿ ಹಿಡಿದಿದ್ದರು. ಬಂದ ವಾರಕ್ಕೇ ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದು, ಎರಡು ಗಾಜಿನ ಲೋಟ ಮುಂದಿಟ್ಟರು. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಯಂತ್ರದ್ದು. ಎರಡಕ್ಕೂ ಯಾವುದೋ ದ್ರವದ ಹನಿ ಬಿಟ್ಟರು. ಯಂತ್ರದ ನೀರು ನೇರಳೆಗೆ ತಿರುಗಿತು. ಎದೆಯುರಿ, ಮಂಡಿನೋವು, ಸಕ್ಕರೆ ಕಾಯಿಲೆ ಎಲ್ಲಕ್ಕೂ ಇದೇ ಮದ್ದು ಎಂದರು.

"ಇದೇನ್ ಮಾ ಅತಿಶಯ? ಅರಿಶಿಣಕ್ಕೆ ಸುಣ್ಣ ಆಕಿದ್ರೆ ಆರತಿ ನೀರೂ ಇಂಗೇ ಕೆಂಪಾಯ್ತದೆ," ಎಂದಳು ನಮ್ಮಮ್ಮ. ಎಲ್ಲರೂ ನಕ್ಕರು. ಆಕೆಯೂ ನಕ್ಕರು.

"ಖರೇ ಐತ್ರೀ ಅವ್ವಾರ. ಆದ್ರ ಒಂದ್ ತಿಂಗ್ಳ ಕುಡದ್ ನೋಡ್ರಿ. ದಿನಾ ಬಂದು ತುಂಬ್ಕೊಂಡ್ ಹೋಗ್ರಿ, ರೊಕ್ಕದ ಮಾತು ಆಮ್ಯಾಲೆ."

ಅಮ್ಮ ಮರುದಿನದಿಂದಲೇ ಕ್ಯಾನ್ ಹಿಡಿದು ಹೊರಟಳು. ಬಿಟ್ಟಿ ನೀರು ತರಲು ಮಾತ್ರ ಅವಳಿಗೆ ಮನಸ್ಸು ಒಪ್ಪಲಿಲ್ಲ. ಒಬ್ಬರ ಮನೆಗೆ ಬರಿಗೈಲಿ ಹೋಗುವುದೆಂದರೆ ನಮ್ಮ ಕಡೆಯ ಹೆಂಗಸರಿಗೆ ಜೀವ ಹಿಡಿಯಾಗುತ್ತದೆ. ಒಂದು ದಿನ ಕರಿಬೇವು, ಒಂದು ದಿನ ನುಗ್ಗೇಸೊಪ್ಪು, ಆಮೇಲೆ ಮೊರದ ತುಂಬ ಅವರೆಕಾಯಿ. ಅವಳನ್ನು ನೋಡಿ ಮಿಕ್ಕವರೂ ಶುರುಮಾಡಿದರು. ಪಾಪ, ಆ ಹುಬ್ಬಳ್ಳಿಯಾಕೆಯ ಅಡುಗೆಮನೆ ಸೊಪ್ಪಿನ ಅಂಗಡಿಯಾಯಿತು. ಸೊಪ್ಪು ಕೊಟ್ಟ ಮೇಲೆ ನೀರಿನ ಋಣ ತೀರಿತೆಂದು ನಮ್ಮವರ ಲೆಕ್ಕ. ತಿಂಗಳು ಕಳೆದರೂ ಯಂತ್ರದ ಬೆಲೆ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ, ಇಷ್ಟು ತಂದುಕೊಡುವವರ ಹತ್ತಿರ ಹೇಳಲು ಆಕೆಗೂ ನಾಚಿಕೆ. ಆ ಚಳಿಗಾಲದ ಬೆಳಗುಗಳನ್ನು ನೆನೆದರೆ ಈಗಲೂ ನನಗೆ ಅವರೆಕಾಯಿ ಸೊಗಡು ಮೂಗಿಗೆ ಬಡಿಯುತ್ತದೆ. ನೆನೆಸಿದ ಕಾಳನ್ನು ಹಿತಕುತ್ತ ಅವರ ಜಗಲಿಯ ಮೇಲೆ ಐದಾರು ಹೆಂಗಸರು ಕೂತಿರುತ್ತಿದ್ದರು, ಸಿಪ್ಪೆ ಹಾರಿ ಒಬ್ಬರ ಸೆರಗಿನ ಮೇಲೊಬ್ಬರದು ಬೀಳುತ್ತಿತ್ತು, ನಾನು ಸ್ಕೂಟರಿನಲ್ಲಿ ಹಾದುಹೋಗುವಾಗ ಅಮ್ಮನ ದನಿ ಎಲ್ಲರಿಗಿಂತ ಜೋರಾಗಿ ಕೇಳುತ್ತಿತ್ತು.

ಅಮ್ಮನ ಎದೆಯುರಿ ನಿಜಕ್ಕೂ ಕಡಿಮೆಯಾಯಿತು. ಸಂಜೆ ಮುಚ್ಚಿಟ್ಟ ಪಾತ್ರೆ ಖಾಲಿ. "ಮಿಷನ್ ನೀರು ಕಣವ್ವ," ಎನ್ನುತ್ತಿದ್ದಳು.

ನನಗೆ ಉಗುಳಲೂ ಆಗದು, ನುಂಗಲೂ ಆಗದು. ಹೊಟ್ಟೆಯಲ್ಲಿರುವುದೇ ಪ್ರಬಲವಾದ ಆಮ್ಲ, ಆಲ್ಕಲೈನ್ ಎನ್ನುವ ಈ ನೀರಿನ ಚೂರುಪಾರು ಕ್ಷಾರ ಅಲ್ಲಿ ಎಷ್ಟು ಹೊತ್ತು ನಿಂತೀತು? ರಕ್ತದಲ್ಲಿ ಇವೆರಡನ್ನೂ ಹದದಲ್ಲಿಡಲು ಶ್ವಾಸಕೋಶವಿದೆ, ಮೂತ್ರಪಿಂಡವಿದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನೇ ಹೇಳಿಕೊಡುವ ಪಾಠ. ಡಾಕ್ಟರನ್ನು ಕೇಳಿದೆ. ಕುಡಿದರೆ ಕೆಡುಕೇನಿಲ್ಲ, ಆದರೆ ಅದರಿಂದಲೇ ವಾಸಿಯಾಯಿತು ಎನ್ನಲು ಆಧಾರ ಸಾಲದು, ಮಾತ್ರೆ ಮಾತ್ರ ಬಿಡಿಸಬೇಡಿ ಎಂದರು. ಯಂತ್ರದ ಬೆಲೆಯನ್ನು ಬೇರೆ ಕಡೆ ವಿಚಾರಿಸಿದರೆ ಎರಡು ಸ್ಕೂಟರಿನಷ್ಟು, ಮೇಲೆ ವರ್ಷವರ್ಷವೂ ಫಿಲ್ಟರಿನ ಖರ್ಚು. ನೀರಿಗೆ ಇಷ್ಟು ಸುರಿಯುವುದು ಶುದ್ಧ ದಡ್ಡತನ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಕಣ್ಣೆದುರಿಗೆ ಅಮ್ಮ ಉಣ್ಣುತ್ತಿದ್ದಳು.

ಹೀಗಿರುವಾಗ ಅಮ್ಮ ಬಚ್ಚಲಲ್ಲಿ ಜಾರಿ ಮಂಡಿ ಊದಿಸಿಕೊಂಡಳು. ವಾರ ನಡೆಯುವಂತಿಲ್ಲ. ಅವಳ ನೀರು ತಪ್ಪಬಾರದೆಂದು ಸ್ಕೂಲಿಗೆ ಮುಂಚೆ ನಾನೇ ಸ್ಕೂಟರಿನಲ್ಲಿ ಹೋಗಿ ಕ್ಯಾನ್ ತುಂಬಿಸಿ ತಂದು ಮಂಚದ ಪಕ್ಕ ಇಡುತ್ತಿದ್ದೆ. ಅದೇ ನೀರು, ಅದೇ ಮಾತ್ರೆ. ಮೂರನೇ ದಿನಕ್ಕೆಲ್ಲ ಹುಳಿತೇಗು ವಾಪಸಾಯಿತು. ಅನ್ನ ಮುಟ್ಟದೆ ಟೀವಿ ಕಡೆ ಮುಖ ಮಾಡಿ ಕೂತಳು. ತಂದಿಟ್ಟ ನೀರಿನ ಸತ್ವ ಹೊತ್ತಾದಂತೆ ಹೋಗುತ್ತದೆ, ಹಿಡಿದ ಕೂಡಲೇ ಕುಡಿಯಬೇಕು ಎಂದು ಹುಬ್ಬಳ್ಳಿಯಾಕೆ ಹೇಳಿದ್ದು ನೆನಪಾಯಿತು. ಪಾಠ ಮಾಡುವ ಟೀಚರ್ ಎಲ್ಲಿಗೆ ಹೋದಳೋ, ಸೊಸೈಟಿಯಲ್ಲಿ ಸಾಲ ತೆಗೆದಾದರೂ ಯಂತ್ರ ಹಾಕಿಸಿಬಿಡುವುದೆಂದು ತೀರ್ಮಾನಿಸಿದೆ. ಶನಿವಾರ ಸಂಜೆ ಅಮ್ಮನಿಗೆ ಹೇಳಿದೆ.

"ಮನೇಗೇ ಮಿಷನ್ ಹಾಕಿಸ್ತೀನಮ್ಮ. ನೀನು ಅಲ್ಲಿವರೆಗೂ ನಡೆಯೋದೇ ಬೇಡ."

ಅವಳು ಗಾಬರಿಯಿಂದ ತಿರುಗಿದಳು. "ಬ್ಯಾಡ ಕಣವ್ವ. ಅದು ಇಲ್ಲಿಗೇ ಬಂದ್ರೆ ನಾನೆಲ್ಲಿಗೋಗ್ಲಿ?"

ನಾನು ಟೀವಿ ಆರಿಸಿದೆ. ಅವಳೇ ಮುಂದುವರಿಸಿದಳು. "ನಿಮ್ಮಪ್ಪ ಇದ್ದಾಗ ಏಳ್ತಿದ್ದಂಗೇ ಏನಾರ ಒಂದು ಕೇಳೋರು. ನೀನು ಇಸ್ಕೂಲಿಗೋದ್ರೆ ಸಂಜೆಗಂಟ ನಾನ್ಯಾರ ತಾವ ಬಾಯಿ ಬಿಡ್ಲಿ ಏಳು."

ನನಗೆ ಅಳು ಬಂತು. ಅವಳ ಊದಿದ ಮಂಡಿಗೆ ಬಿಸಿ ಎಣ್ಣೆ ತಿಕ್ಕುತ್ತ ಕೂತೆ. ಸಾಲದ ಮಾತು ಮತ್ತೆ ಎತ್ತಲಿಲ್ಲ.

ಭಾನುವಾರ ಬೆಳಗ್ಗೆ ನನ್ನ ಭುಜ ಹಿಡಿದು ಕುಂಟುತ್ತ ಹೊರಟಳು. ಜಗಲಿಯ ಮೇಲಿದ್ದವರೆಲ್ಲ ಒಟ್ಟಿಗೆ ಬಾಯಿ ಹಾಕಿದರು. "ಏನಕ್ಕಾ, ಪತ್ತೇನೇ ಇಲ್ವಲ್ಲ?" ಹುಬ್ಬಳ್ಳಿಯಾಕೆ ಒಳಗಿನಿಂದ ಕುರ್ಚಿ ತಂದರು. "ನೀವಿಲ್ದ ಭಾಳ ಬ್ಯಾಸರ ಆಗಿತ್ರೀ ಅವ್ವಾರ." ಅಮ್ಮ ಬಚ್ಚಲಿನಲ್ಲಿ ಜಾರಿದ್ದನ್ನು ಮೊದಲಿನಿಂದ ಹೇಳಲು ಶುರುಮಾಡಿದಳು. ತಡವಾಗಿ ಬಂದವರಿಗೆ ಮತ್ತೆ ಮೊದಲಿನಿಂದ ಹೇಳಿದಳು. ಹೇಳುತ್ತಲೇ ಬುಟ್ಟಿ ಅವರೆಕಾಳು ಹಿತಕಿ ಮುಗಿಸಿದಳು, ನಮ್ಮ ಪಾಲಿನ ಬೇಳೆ ಸೆರಗಿಗೆ ಕಟ್ಟಿಕೊಂಡಳು.

ಮಧ್ಯಾಹ್ನ ಹಿತಕಿದ ಬೇಳೆ ಸಾರಿಗೆ ಮುದ್ದೆ ಇಕ್ಕಿದೆ. ಗುಳುಂ ಎಂದು ನುಂಗುತ್ತ ನೀರು ಕೇಳಿದಳು. ಎತ್ತಿ ನೋಡಿದರೆ ಕ್ಯಾನ್ ಖಾಲಿ. ತುಂಬಿಸುವುದು ಇಬ್ಬರಿಗೂ ಮರೆತೇ ಹೋಗಿತ್ತು.

"ನಲ್ಲಿದೇ ಕೊಡವ್ವ," ಎಂದಳು. ಚೊಂಬು ಎತ್ತಿ ಗಟಗಟ ಕುಡಿದು, ಇನ್ನೊಂದು ಮುದ್ದೆಗೆ ತಟ್ಟೆ ಮುಂದೆ ನೂಕಿದಳು.