ಹಲೋ ಅಕ್ಕನ ಕತ್ತು

ಹಲೋ ಅಕ್ಕ ಎಂದರೆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವವಳು ಅವಳೇ. ನಲ್ಲಿಯಲ್ಲಿ ನೀರಿಲ್ಲ, ಬಂದ ನೀರು ಕೆಂಪಗಿದೆ, ನಡುರಸ್ತೆಯಲ್ಲಿ ಪೈಪ್ ಒಡೆದು ನೀರು ಮನೆಯೊಳಗೆಲ್ಲ ನುಗ್ಗಿದೆ. ಊರಿನ ಸಿಟ್ಟೆಲ್ಲ ಮೊದಲು ಬಂದು ಬೀಳುವುದು ಅವಳ ಕಿವಿಗೆ. ಎಂಥ ಬೈಗುಳ ಬಂದರೂ ಅವಳ ಉತ್ತರ ಒಂದೇ: "ಹಲೋ, ಹೇಳಿ." ಬೈದು ಬೈದು ಆ ಕಡೆಯವರಿಗೇ ಸುಸ್ತಾಗಬೇಕು, ಇವಳಿಗಲ್ಲ.

ಇನ್ನೊಂದು ವಿದ್ಯೆಯೂ ಅವಳಿಗಿತ್ತು. ರಿಸೀವರನ್ನು ಎಡಗಿವಿಗೂ ಎಡಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಟೈಪ್ ಮಾಡುವುದು. ಆ ಕಡೆಯವರು ಬೈದು ಮುಗಿಸುವಷ್ಟರಲ್ಲಿ ಇವಳು ದೂರು ದಾಖಲಿಸಿ, ಪೈಪ್ ರಿಪೇರಿಯವರಿಗೆ ಸುದ್ದಿಯನ್ನೂ ಮುಟ್ಟಿಸಿರುತ್ತಿದ್ದಳು. ಹೊಸದಾಗಿ ಸೇರಿದವರನ್ನು ಕರೆತಂದು ಸೂಪರಿಂಟೆಂಡೆಂಟರು "ನೋಡಿ ಕಲೀರಿ" ಎನ್ನುತ್ತಿದ್ದರು. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ ಹೇಳಿ? ಹಲೋ ಅಕ್ಕ ಇನ್ನೊಂದಿಷ್ಟು ಕತ್ತು ವಾಲಿಸಿ ಇನ್ನೊಂದಿಷ್ಟು ಜೋರಾಗಿ ಟೈಪ್ ಮಾಡುತ್ತಿದ್ದಳು.

ಮನೆಯಲ್ಲಿ ಇದ್ದವರು ಮೂವರು: ಅವಳು, ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಗಂಡ, ಮತ್ತೆ ನೀಲಿ ಸ್ಕೂಟರ್. ಸ್ಕೂಟರನ್ನು ಮೂರನೆಯವರು ಎಂದರೆ ತಪ್ಪಾದೀತು. ಮೊದಲ ಸಂಬಳಗಳನ್ನು ಕೂಡಿಟ್ಟು ಅವಳು ಅದನ್ನು ಕೊಂಡಾಗ ಗಂಡ ಇನ್ನೂ ಗಂಡನಾಗಿರಲಿಲ್ಲ, ಹಿರಿತನ ಸ್ಕೂಟರಿನದೇ. ದಿನವೆಲ್ಲ ಊರವರ ಸಿಟ್ಟು ಕೇಳಿ ಕಾದ ತಲೆ ತಣ್ಣಗಾಗುತ್ತಿದ್ದದ್ದು ಸಂಜೆ ಆ ಸ್ಕೂಟರ್ ಮೇಲೆ, ಮುಖಕ್ಕೆ ಗಾಳಿ ಬಡಿದಾಗ. ಆ ಅರ್ಧ ಗಂಟೆ ಯಾರೂ ಅವಳಿಗೆ ಏನೂ ಹೇಳುವಂತಿರಲಿಲ್ಲ.

ಆ ಸುಖಕ್ಕೇ ಕಲ್ಲು ಬಿತ್ತು. ಒಂದು ಸಂಜೆ ಬ್ಯಾಂಕಿನ ಮುಂದೆ ಬಲಕ್ಕೆ ತಿರುಗಬೇಕು, ಹಿಂದೆ ನೋಡೋಣ ಎಂದರೆ ಕತ್ತು ತಿರುಗಲೊಲ್ಲದು. ಕೆಲವು ತಿಂಗಳಿಂದ ಹಾಗೇ ಆಗಿತ್ತು, ಅವಳು ಕನ್ನಡಿ ನಂಬಿಕೊಂಡೇ ದಿನ ದೂಡುತ್ತಿದ್ದಳು. ಆದರೆ ಆವತ್ತಿನ ಬೇಕರಿ ವ್ಯಾನು ಕನ್ನಡಿಯಲ್ಲಿ ಕಾಣದ ಜಾಗದಲ್ಲಿತ್ತು. ಚಾಲಕ ಬ್ರೇಕ್ ಒತ್ತಿದ್ದಕ್ಕೆ ಸರಿಹೋಯಿತು; ಸ್ಕೂಟರಿನ ಕನ್ನಡಿ ಮುರಿದು ಬಿತ್ತು, ಅವಳಿಗೆ ಕೂದಲೂ ಕೊಂಕಲಿಲ್ಲ. ಕನ್ನಡಿಯಿಲ್ಲದ ಗಾಡಿ ತಳ್ಳಿಕೊಂಡು ಮನೆಗೆ ಬಂದವಳನ್ನು ಗಂಡ ನೋಡಿದ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಹೆಲ್ಮೆಟ್ ಅಟ್ಟಕ್ಕೆ ಹೋಯಿತು.

"ತಮ್ಮ ಒಂದು ಗಾಡಿ ಬೇಕು ಅಂತಿದ್ದ. ರಜಕ್ಕೆ ಬಂದಾಗ ಅವನಿಗೇ ಕೊಟ್ಟುಬಿಡೋಣ" ಎಂದ.

"ಯಾರ ಗಾಡಿ ಯಾರು ಕೊಡೋದು?"

"ನಿನ್ನ ಗಾಡಿನೇ. ಆದ್ರೆ ನೀನು ನನಗೆ ಬೇಕಲ್ಲ ಕಣೇ."

ಇದಕ್ಕೆ ಏನು ಜಗಳವಾಡುವುದು? ಆದರೂ ಆಡಿದಳು. ಮೂರು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಕೊನೆಗೆ ಗಂಡನೇ ಒಂದು ಮೆಟ್ಟಿಲು ಇಳಿದ. "ತಮ್ಮ ಬರೋದಕ್ಕೆ ಇನ್ನೂ ಎರಡು ತಿಂಗಳಿದೆ. ಅವನು ಬಂದ ದಿನ ನೀನು ಗಾಡಿ ಮೇಲೆ ಕೂತ್ಕೋ. ನಾನು ಹಿಂದೆ ಗೇಟಿನ ಹತ್ರ ಏನಾದ್ರೂ ಹಿಡ್ಕೊಂಡು ನಿಂತ್ಕೋತೀನಿ. ಬಲಕ್ಕೆ ತಿರುಗಿ ಅದೇನು ಅಂತ ಹೇಳು. ಹೇಳಿದ್ರೆ ಕೀಲಿ ನಿನ್ನದು."

"ಹೇಳ್ತೀನಿ" ಎಂದಳು ಹಲೋ ಅಕ್ಕ. ಹೇಳಿದ ಕೂಡಲೇ ಅಂಗಳಕ್ಕೆ ಹೋಗಿ, ಗಾಡಿ ಮೇಲೆ ಕೂತು ಕತ್ತು ಬಲಕ್ಕೆ ತಿರುಗಿಸಿ ನೋಡಿದಳು. ಕಂಡದ್ದು ಪಕ್ಕದ ಗೋಡೆ, ಅಷ್ಟೇ.

ಎಕ್ಸ್-ರೇ ನೋಡಿದ ವೈದ್ಯರು, ಮೂಳೆಯಲ್ಲಿ ದೋಷವಿಲ್ಲ, ಫಿಸಿಯೋಥೆರಪಿಗೆ ಹೋಗಿ ಎಂದರು. ಫಿಸಿಯೋ ಮಾತು ಕಡಿಮೆಯ, ಎತ್ತರದ ಹೆಂಗಸು. ಅವಳ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಯಲ್ಲಿ ಆಳೆತ್ತರದ ಕನ್ನಡಿ. ಬೆರಳು ಜುಮ್ಮೆನ್ನುತ್ತದೆಯೇ, ಕೈಯಲ್ಲಿ ಹಿಡಿತ ಇದೆಯೇ ಎಂದೆಲ್ಲ ಪರೀಕ್ಷಿಸಿ, ಕೊನೆಗೆ ಕುರ್ಚಿಯ ಮೇಲೆ ಕೂರಿಸಿ ಕೇಳಿದಳು.

"ಆಫೀಸಲ್ಲಿ ಏನು ಕೆಲಸ, ಸ್ವಲ್ಪ ಹೇಳಿ."

ಹಲೋ ಅಕ್ಕ ಹೇಳುತ್ತಾ ಹೋದಳು. ಫಿಸಿಯೋ ಸುಮ್ಮನೆ ಕೇಳಿಸಿಕೊಂಡು, ಆಮೇಲೆ ಅಂದಳು: "ಫೋನ್ ಇಡಿ."

"ಯಾವ ಫೋನು ಡಾಕ್ಟ್ರೇ?"

"ಕಿವಿ ಹತ್ರ ಹಿಡ್ಕೊಂಡಿದೀರಲ್ಲ, ಅದು."

ಹಲೋ ಅಕ್ಕ ಕನ್ನಡಿಯ ಕಡೆ ನೋಡಿದಳು. ಎಡಭುಜ ಕಿವಿಯ ಹತ್ತಿರಕ್ಕೆ ಏರಿತ್ತು, ತಲೆ ಅದರ ಮೇಲಕ್ಕೆ ವಾಲಿತ್ತು. ನಡುವೆ ರಿಸೀವರ್ ಒಂದು ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಕಚೇರಿಯ ಫೋನನ್ನು ಕಚೇರಿಯಲ್ಲೇ ಬಿಟ್ಟು ಬರುತ್ತಿದ್ದೇನೆ ಎಂದುಕೊಂಡಿದ್ದಳು ಪಾಪ.

ಆ ಸಂಜೆ ಸ್ಟುಡಿಯೋಗೆ ಹೋಗಿ ಗೋಡೆ ಮೇಲಿನ ಫೋಟೋಗಳ ಮುಂದೆ ನಿಂತಳು. ನಾದಿನಿಯ ಮದುವೆಯದು, ಹೊಸ ಮನೆಗೆ ಬಂದ ದಿನದ್ದು, ಕಡಲ ತೀರದ್ದು. ಎಲ್ಲದರಲ್ಲೂ ಗಂಡ ಅವಳ ಎಡಕ್ಕೆ, ಎಲ್ಲದರಲ್ಲೂ ಅವಳ ತಲೆ ಎಡಕ್ಕೆ.

"ಏನ್ರೀ, ಬಂದವರಿಗೆಲ್ಲ 'ತಲೆ ನೆಟ್ಟಗೆ ಇಟ್ಕೊಳ್ಳಿ, ಗಲ್ಲ ಎತ್ತಿ' ಅಂತ ದಿನಾ ಹೇಳ್ತೀರ. ಕಟ್ಕೊಂಡ ಹೆಂಡತಿಗೆ ಒಂದು ಸಲನಾದ್ರೂ ಹೇಳ್ಬಾರದಿತ್ತಾ?"

ಗಂಡ ಕ್ಯಾಮೆರಾ ಒರೆಸುತ್ತಾ ತಲೆ ತಗ್ಗಿಸಿದ. "ನನ್ನ ಕಡೆಗೆ ವಾಲ್ತಿದೀಯ ಅಂದ್ಕೊಂಡಿದ್ದೆ."

ಹಲೋ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಮುಖ ಸಣ್ಣಗಾದದ್ದು ಕಂಡ ಮೇಲೆ ನಗು ನಿಲ್ಲಿಸಿದಳು. ಇಷ್ಟು ವರ್ಷ ಮನುಷ್ಯ ಆ ಫೋಟೋಗಳನ್ನು ನೋಡಿಕೊಂಡು ಖುಷಿಯಾಗಿದ್ದ, ಅದನ್ನೂ ಕಸಿದುಕೊಂಡೆನಲ್ಲ ಎಂದು ಅವಳಿಗೆ ಕೆಡುಕೆನಿಸಿತು.

ಇನ್ನು ಅವಳ ಹಠ. ಹಿಡಿದರೆ ಉಡದ ಪಟ್ಟು. ಮಾರನೆಯ ದಿನವೇ ತಲೆಗೆ ಹಾಕಿಕೊಳ್ಳುವ ಹೆಡ್‌ಫೋನ್ ತಂದಳು, "ವಿಮಾನ ಎಷ್ಟು ಹೊತ್ತಿಗೆ ಹೊರಡುತ್ತೆ ಅಕ್ಕ?" ಎಂದು ಪಕ್ಕದ ಮೇಜಿನ ಟೈಪಿಸ್ಟ್ ರೇಗಿಸಿದ. ಕಂಪ್ಯೂಟರಿನ ಕೆಳಗೆ ಹಳೇ ಟೆಲಿಫೋನ್ ಡೈರೆಕ್ಟರಿಗಳನ್ನಿಟ್ಟು ಕಣ್ಣಿನ ಮಟ್ಟಕ್ಕೆ ಏರಿಸಿದಳು. ಆಮೇಲೆ ಕುರ್ಚಿಯಲ್ಲಿ ಕೋಲು ನುಂಗಿದವಳ ಹಾಗೆ ಕೂತಳು. ಬೆನ್ನು ನೆಟ್ಟಗೆ, ಭುಜ ಹಿಂದಕ್ಕೆ, ಹಲ್ಲು ಕಚ್ಚಿ. ಬೆಳಗ್ಗೆ ಕೂತವಳು ಏಳುವುದು ಊಟಕ್ಕೆ, ಊಟ ಮುಗಿಸಿ ಕೂತವಳು ಏಳುವುದು ಸಂಜೆಗೆ. ಒಂದಿಷ್ಟೂ ಅಲುಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಕತ್ತಿನ ಜೊತೆಗೆ ಬೆನ್ನೂ ಹಿಡಿದುಕೊಂಡಿತು. ಮೊದಲು ಗೋಡೆಯಾದರೂ ಕಾಣುತ್ತಿತ್ತು, ಈಗ ಅದೂ ಅರ್ಧ.

"ನಾನೇನು ಕಳ್ಳಾಟ ಆಡಲಿಲ್ಲ ಡಾಕ್ಟ್ರೇ. ನೆಟ್ಟಗೆ ಕೂತಿದ್ದೆ, ದಿನವೆಲ್ಲ" ಎಂದು ಫಿಸಿಯೋ ಮುಂದೆ ಕಣ್ಣಲ್ಲಿ ನೀರು ತಂದುಕೊಂಡಳು.

"ಅದೇ ತಪ್ಪು. ನೆಟ್ಟಗೆ ಕೂತ್ಕೊಳ್ಳಿ ಅಂತ ನಾನು ಯಾವಾಗ ಹೇಳ್ದೆ?"

ಹಲೋ ಅಕ್ಕ ಯೋಚಿಸಿದಳು. ನಿಜ, ಹೇಳಿರಲಿಲ್ಲ.

"ಮೊದಲು ವಾಲ್ಕೊಂಡು ಗಟ್ಟಿಯಾಗಿದ್ರಿ, ಈಗ ನೆಟ್ಟಗೆ ಗಟ್ಟಿಯಾಗಿದೀರ. ಸ್ನಾಯುಗೆ ಎರಡೂ ಒಂದೇ. ಎಷ್ಟೇ ಚೆನ್ನಾಗಿ ಕೂತ್ರೂ ಹಾಗೇ ಕೂತಿದ್ರೆ ಅದು ಮುಷ್ಕರ ಹೂಡುತ್ತೆ. ಒರಗಿ, ಮುಂದೆ ಬಗ್ಗಿ, ಏಳಿ, ನಡೀರಿ. ನಿಮ್ಮ ಹಠನ ಕೂರೋದ್ರಲ್ಲಿ ತೋರಿಸ್ಬೇಡಿ, ಏಳೋದ್ರಲ್ಲಿ ತೋರಿಸಿ."

ಇದು ಅವಳಿಗೆ ನಾಟಿತು. ಗಟ್ಟಿಯಾಗಿ ಹಿಡಿದುಕೊಳ್ಳುವುದೇ ಛಲ ಎಂದು ನಂಬಿದ್ದವಳಿಗೆ, ಬಿಡುವುದಕ್ಕೂ ಛಲ ಬೇಕು ಎಂದು ಇಷ್ಟು ವಯಸ್ಸಿಗೆ ಒಬ್ಬರು ಹೇಳಿದ್ದರು.

ಮೇಜಿನ ಮೇಲಿನ ದೊಡ್ಡ ನೀರಿನ ಬಾಟಲಿಯನ್ನು ಮನೆಗೆ ಕಳಿಸಿ ಒಂದು ಪುಟ್ಟ ಲೋಟ ತಂದಿಟ್ಟುಕೊಂಡಳು. ಕುಡಿಯುವ ನೀರು ಇದ್ದದ್ದು ಮೊಗಸಾಲೆಯ ಆ ತುದಿಯಲ್ಲಿ. ಬಾಯಾರಿದಾಗೆಲ್ಲ ಏಳಲೇಬೇಕು, ಕುಡಿದದ್ದರ ಫಲವಾಗಿ ಇನ್ನೊಂದು ಕಡೆಗೂ ಏಳಬೇಕು. "ನೀರು ಸರಬರಾಜು ಅಂದ್ರೆ ಇದು" ಎಂದ ಟೈಪಿಸ್ಟ್. ಉದ್ದನೆಯ ಫೋನು ಬಂದರೆ ನಿಂತು ಮಾತಾಡಿದಳು. ಮನೆಯಲ್ಲಿ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈ ಹಿಂದಕ್ಕೆಳೆದು ಬೆನ್ನಿನ ಮೇಲ್ಭಾಗಕ್ಕೆ ಬಲ ತುಂಬಿದಳು. ಗಲ್ಲವನ್ನು ಮೆಲ್ಲಗೆ ಒಳಗೆಳೆದು ಬಿಡುವುದು, ಕುರ್ಚಿಯ ಬೆನ್ನಿಗೆ ಒರಗಿ ಎದೆ ಅರಳಿಸುವುದು, ನೋವು ಶುರುವಾಗುವ ತನಕ ಮಾತ್ರ ತಿರುಗಿ ವಾಪಸ್ ಬರುವುದು. ಗಾಡಿ ಮೇಲೆ ಕೂತು ತಿರುಗಿದರೆ ಕೆಲವು ದಿನ ಗೋಡೆ ದಾಟಿ ಬೇಲಿ ಕಾಣುತ್ತಿತ್ತು. ಕೆಲವು ದಿನ ಮತ್ತೆ ಗೋಡೆಯೇ. ಅಂಥ ದಿನ ರಬ್ಬರ್ ಪಟ್ಟಿಯನ್ನು ಮೂಲೆಗೆ ಎಸೆದು, ನಾಲ್ಕು ಮಾತು ಬೈದು, ತಾನೇ ಹೋಗಿ ಎತ್ತಿಕೊಂಡು ಬರುತ್ತಿದ್ದಳು.

ಕೊನೆಯ ವಾರ ಫಿಸಿಯೋ ಇನ್ನೊಂದು ವಿಷಯ ಕಲಿಸಿದಳು. "ಕತ್ತೊಂದೇ ಯಾಕೆ ದುಡೀಬೇಕು? ಎದೆನೂ ತಿರುಗ್ಲಿ, ಸೊಂಟನೂ ತಿರುಗ್ಲಿ. ಮನೇಲಿ ಎಲ್ಲರೂ ಸೇರಿ ಕೆಲಸ ಮಾಡಿದ್ರೆ ಒಬ್ಬರ ಮೇಲೆ ಭಾರ ಬೀಳಲ್ಲ."

ಮೈದುನ ಹೇಳಿದ ದಿನವೇ ಬಂದ. ಬಂದವನು ಒಳಗೂ ಬರದೆ ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿ, ಟೈರು ಒದ್ದು ನೋಡಿ, "ಬಣ್ಣ ಬದಲಾಯಿಸ್ಬೇಕು ಅತ್ತಿಗೆ" ಎಂದ. ಹಲೋ ಅಕ್ಕನ ರಕ್ತ ಕುದಿಯಿತು. ಬಣ್ಣ ಬದಲಾಯಿಸುತ್ತಾನಂತೆ. ಗಾಡಿ ಹತ್ತಿ ಹ್ಯಾಂಡಲ್ ಹಿಡಿದು ಮುಂದೆ ನೋಡುತ್ತಾ ಕೂತಳು.

ಗಂಡ ಒಳಗೆ ಹೋದ. ಅಟ್ಟದ ಏಣಿ ಕಿರುಗುಟ್ಟಿತು. ಆಮೇಲೆ ಹಿಂದೆ ಗೇಟಿನ ಹತ್ತಿರ ಅವನ ಚಪ್ಪಲಿ ಸದ್ದು ನಿಂತಿತು.

"ಹೂಂ, ನೋಡು."

ಭುಜ ಏರುತ್ತಿತ್ತು. ಉಸಿರು ಬಿಟ್ಟು ಅದನ್ನು ಇಳಿಸಿದಳು. ಸೊಂಟ ತಿರುಗಿತು, ಎದೆ ತಿರುಗಿತು, ಕತ್ತು ಅವುಗಳ ಹಿಂದೆ ಹೋಯಿತು. ಗೋಡೆ ಬಂತು, ಗೋಡೆ ಹೋಯಿತು. ಬೇಲಿ ಹೋಯಿತು. ಗೇಟಿನ ಕಂಬ ಬಂತು. ಅದರ ಪಕ್ಕ ಗಂಡ ಎರಡೂ ಕೈಯಲ್ಲಿ ಅವಳ ಹೆಲ್ಮೆಟ್ ಹಿಡಿದು ನಿಂತಿದ್ದ. ಧೂಳು ಒರೆಸಿ, ಕ್ಯಾಮೆರಾ ಒರೆಸುವ ಬಟ್ಟೆಯಲ್ಲೇ ಇರಬೇಕು, ಹೊಳೆಯುವ ಹಾಗೆ ಮಾಡಿದ್ದ. ಅವನ ಕಣ್ಣು ತುಂಬಿದ್ದೂ ಅವಳಿಗೆ ಕಂಡಿತು.

"ನನ್ನ ಹೆಲ್ಮೆಟ್ಟು" ಎಂದಳು.

ಗಂಡ ಬಂದು ಹೆಲ್ಮೆಟ್ ಕೈಗಿಟ್ಟ. ಜೇಬಿನಿಂದ ಕೀಲಿ ತೆಗೆದುಕೊಟ್ಟ. "ನೀನು ಬೇರೆ ಗಾಡಿ ನೋಡ್ಕೊಳ್ಳಪ್ಪ" ಎಂದ ತಮ್ಮನಿಗೆ. ಹೇಳಿ, ಅವಳ ಹಿಂದೆ ಹತ್ತಿ ಕೂತ.

ಬ್ಯಾಂಕಿನ ಮುಂದೆ ಬಂದಾಗ ಬಲಕ್ಕೆ ತಿರುಗಬೇಕಿತ್ತು. ಹಲೋ ಅಕ್ಕ ವೇಗ ತಗ್ಗಿಸಿ, ಸಿಗ್ನಲ್ ಹಾಕಿ, ಸೊಂಟದಿಂದ ತಿರುಗಿ ಹಿಂದೆ ನೋಡಿದಳು. ಮೊದಲು ಕಂಡದ್ದು ಗಂಡನ ಮುಖ, ಇಷ್ಟು ಹತ್ತಿರದಲ್ಲಿ. ನೋಟ ಅಲ್ಲೇ ನಿಂತಿತು.

"ನನ್ನನ್ನಲ್ಲ ಕಣೇ," ಎಂದ ಅವನು, "ಹಿಂದೆ ಗಾಡಿ ಬರ್ತಿದೆಯಾ ನೋಡು."