ನಿಮ್ದೂ ಚಾಲೂ ಐತ್ರಿ

ಗೋಕಾಕದ ಒಂದು ಸ್ಟುಡಿಯೊದಲ್ಲಿ ಮದುವೆ ವಿಡಿಯೊಗಳನ್ನು ಮೊಬೈಲಿಗೆ ಹೊಂದುವಂತೆ ಚಿಕ್ಕದು ಮಾಡಿಕೊಡುವುದು ಭಾಗ್ಯಾಳ ಕೆಲಸ. ಒಂದೊಂದು ವಿಡಿಯೊಗೆ ಒಂದೊಂದು ಕಮಾಂಡ್ ಟೈಪ್ ಮಾಡಿ ಬಿಟ್ಟರೆ ಉಳಿದದ್ದು ಕಂಪ್ಯೂಟರಿನ ಪಾಡು. ಹೇಳುವುದಕ್ಕೇನೋ ಇಷ್ಟೇ. ಆದರೆ ಮಾಲೀಕ ಶ್ರೀಶೈಲನಿಗೆ ಯಾರಿಗೂ ಇಲ್ಲ ಎನ್ನಲು ಬಾಯಿ ಬಾರದು, ಸುಳ್ಳು ಹೇಳಲೂ ಬಾರದು. ತಮ್ಮ ವಿಡಿಯೊ ಏನಾಯಿತೆಂದು ಹುಕ್ಕೇರಿಯವರು ಫೋನ್ ಮಾಡಲಿ, ಮೂಡಲಗಿಯವರು ಮಾಡಲಿ, ಅವನದು ಒಂದೇ ಮಾತು: "ನಿಮ್ದೂ ಚಾಲೂ ಐತ್ರಿ." ಆ ಮಾತು ಖರೆ ಆಗಬೇಕಲ್ಲ! ಅದಕ್ಕೇ ಆ ಪುಣ್ಯಾತ್ಮ ಬಂದ ಮದುವೆಗಳನ್ನೆಲ್ಲ ಒಟ್ಟಿಗೇ ಚಾಲೂ ಮಾಡಿಸುತ್ತಿದ್ದ.

ಎಲ್ಲವೂ ಚಾಲೂ, ಯಾವುದೂ ಮುಗಿಯದು. ಕಂಪ್ಯೂಟರ್ ಕಾದು ಬುಸುಗುಟ್ಟಿ ಕಡೆಗೆ ತಾನೇ ಬಂದ್ ಆಗುತ್ತಿತ್ತು. ಅರೆಬರೆ ಆದದ್ದೆಲ್ಲ ಹಾಳು, ಮತ್ತೆ ಮೊದಲಿನಿಂದ. ಭಾಗ್ಯಾ ಅದರ ಮುಂದೆ ಕಾವಲು ಕೂರಬೇಕು. ಕೊಣ್ಣೂರಿನ ಮನೆ ಸೇರುವಷ್ಟರಲ್ಲಿ ಮಗಳು ದೀಪಾ ಅಜ್ಜಿಯ ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದಳು. ಕೂಸು ಎಚ್ಚರಿದ್ದಾಗ ಮನೆಗೆ ಹೋಗಬೇಕು, ತನ್ನ ಪಕ್ಕದಲ್ಲಿ ಮಲಗಿಸಿಕೊಳ್ಳಬೇಕು. ಭಾಗ್ಯಾಳಿಗೆ ಬೇಕಾಗಿದ್ದದ್ದು ಅಷ್ಟೇ.

ಮದುವೆಯ ಕಾಲ ಮುಗಿಯುವ ಹೊತ್ತಿಗೆ ಅವಳಿಗೆ ಸಾಕುಸಾಕಾಗಿ ಹೋಯಿತು. ಅಲ್ಲಿ ಇಲ್ಲಿ ಓದಿ, ಕಮಾಂಡುಗಳನ್ನೆಲ್ಲ ಸರದಿಗೆ ನಿಲ್ಲಿಸಿದಳು. ಒಮ್ಮೆಗೆ ಮೂರು ಮಾತ್ರ. ಒಂದು ಮುಗಿದ ಮೇಲೆ ಇನ್ನೊಂದು. ಅದೂ ಕಂಪ್ಯೂಟರಿನ ಲೋಡ್ ಇಳಿದಿದ್ದರೆ ಮಾತ್ರ.

"ಉಳಿದವ್ರಿಗೆ ಏನ್ ಹೇಳ್ಲಿ?" ಎಂದ ಶ್ರೀಶೈಲ.

"ಇನ್ನೂ ಚಾಲೂ ಆಗಿಲ್ಲ ಅಂತ ಖರೇನ ಹೇಳ್ರಿ ಅಣ್ಣಾರ."

"ನಿಮ್ದು ಇನ್ನೂ ಪಾಳಿಗೆ ನಿಂತೈತ್ರಿ" ಎಂದು ಫೋನಿನಲ್ಲಿ ಹೇಳುವಾಗ ಅವನ ಮೋರೆ ಹರಳೆಣ್ಣೆ ಕುಡಿದವನ ಹಾಗಿತ್ತು. ಆದರೆ ಸಂಜೆಯೊಳಗೆ ಮದುವೆಗಳು ಒಂದೊಂದಾಗಿ ಮುಗಿದು ಹೊರಬಂದವು. ಕಂಪ್ಯೂಟರ್ ಒಮ್ಮೆಯೂ ಬಂದ್ ಆಗಲಿಲ್ಲ. "ಇನ್ ನೀ ಮನಿಗೆ ಹೋಗವಾ," ಎಂದ ಶ್ರೀಶೈಲ.

ಭಾಗ್ಯಾ ಬೆಳಕಿದ್ದಾಗಲೇ ಬಸ್ ಹತ್ತಿದಳು. ಮಗಳಿಗೆ ಉಣಿಸಿದಳು, ತಲೆ ಬಾಚಿದಳು, ಹಾಸಿಗೆ ಹಾಸಿದಳು. ಪಕ್ಕದಲ್ಲಿ ಮಲಗಿದ ದೀಪಾ, ಕಣ್ಣು ಎಳೆಯತೊಡಗಿದ್ದೇ ತಡ, ಎದ್ದು ದಿಂಬು ಎತ್ತಿಕೊಂಡು ಅಜ್ಜಿಯ ಕಡೆಗೆ ಹೊರಟಳು.

"ಎಲ್ಲಿ ಹೊಂಟಿ?"

"ಆಯಿ ಬಾಜೂ. ನನಗ ಅಲ್ಲೇ ನಿದ್ದಿ ಬರ್ತೈತಿ."

ಅತ್ತೆ ಶೆಟ್ಟೆವ್ವ ಸೊಸೆಯ ಮುಖ ನೋಡಿದಳು. "ಕೂಸಿಗೆ ರೂಢಿ ಆಗೈತವಾ. ತಾನ ಬರ್ತಾಳ ತಗೋ."

ಭಾಗ್ಯಾ ಹಾಸಿಗೆಯ ಮೇಲೆ ಒಬ್ಬಳೇ ಕುಳಿತು ಶ್ರೀಶೈಲನಿಗೆ ಫೋನ್ ಹಚ್ಚಿದಳು.

"ಅಣ್ಣಾರ, ಇನ್ ದಿನಾ ನಾ ಇವತ್ತಿನಂಗ ಬೆಳಕಿರೂ ಬಸ್ಸಿಗೇ ಮನಿಗೆ ಹೋಗಾಕಿ. ಮದುವಿ ಎಷ್ಟರ ಇರ್ಲಿ."